ಕೊಡಗಿನ ಏರಿಳಿತದಲ್ಲಿ ಓಟ ಶುರು ಮಾಡುವವರಿಗೆ: ಮೊದಲ ಮೂರು ತಿಂಗಳು ಯಾಕೆ ನಿಧಾನ?

ಹೊಸದಾಗಿ ಓಟ ಶುರು ಮಾಡಿದವರು ಸಾಮಾನ್ಯವಾಗಿ ಎರಡು ಹಂತದಲ್ಲಿ ಬಿಟ್ಟುಬಿಡುತ್ತಾರೆ. ಕೆಲವರು ಮೊದಲ ವಾರವೇ ಬಿಡುತ್ತಾರೆ. ಇನ್ನೂರು ಮೀಟರ್ ಓಡುವಷ್ಟರಲ್ಲಿ ಎದೆ ಹೊಡೆದುಕೊಂಡು, ಬಾಯಿ ಒಣಗಿ, "ಇದು ನನ್ನ ಕೈಲಾಗಲ್ಲ" ಎಂದು ವಾಪಸ್ ಬರುತ್ತಾರೆ. ಇನ್ನು ಕೆಲವರು ಹಲ್ಲು ಕಚ್ಚಿಕೊಂಡು ಒಂದು ತಿಂಗಳು ಎಳೆಯುತ್ತಾರೆ. ಅಷ್ಟರಲ್ಲಿ ಮಂಡಿಯೋ ಹಿಮ್ಮಡಿಯೋ ನೋಯಲು ಶುರುವಾಗುತ್ತದೆ. ಅಲ್ಲಿಗೆ ಶೂ ಮೂಲೆ ಸೇರುತ್ತದೆ. ಎರಡಕ್ಕೂ ಕಾರಣ ಹೆಚ್ಚಿನ ಸಲ ಒಂದೇ: ದೇಹ ಒಪ್ಪುವುದಕ್ಕಿಂತ ಜೋರಾಗಿ ಓಡಿದ್ದು. ಕೊಡಗಿನಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಇಲ್ಲಿ ಸಮತಟ್ಟು ರಸ್ತೆ ಕಮ್ಮಿ. ನಮ್ಮ ಹೆಜ್ಜೆ ಅಷ್ಟೇ ಇದ್ದರೂ ಏರು ಬಂದ ಕೂಡಲೇ ಮೈಮೇಲೆ ಬೀಳುವ ಕೆಲಸ ಏಕಾಏಕಿ ಹೆಚ್ಚುತ್ತದೆ.

ಇನ್ನೊಂದು ವಿಷಯವೂ ಇದೆ. ನಮ್ಮ ಜಿಲ್ಲೆಯಲ್ಲಿ ಓಟ ಎಂದರೆ ವೇಗ ಅಂತಲೇ ಲೆಕ್ಕ. ಓಟಗಾರ್ತಿ ಅಶ್ವಿನಿ ನಾಚಪ್ಪ ಅವರ ಹೆಸರು ಕೇಳದವರು ಇಲ್ಲಿ ಸಿಗುವುದು ಕಷ್ಟ. ಏಷ್ಯನ್ ಗೇಮ್ಸ್ ರಿಲೇಯಲ್ಲಿ ಚಿನ್ನ ಗೆದ್ದ ಎಂ.ಆರ್. ಪೂವಮ್ಮ ಹುಟ್ಟಿದ್ದು ಗೋಣಿಕೊಪ್ಪದಲ್ಲಿ. ಬೆಳಗ್ಗೆ ಮೈದಾನಕ್ಕೆ ಹೋದರೆ ಸೇನಾ ಭರ್ತಿಗೆ ತಯಾರಾಗುವ ಹುಡುಗರು 1.6 ಕಿಲೋಮೀಟರ್ ಓಟವನ್ನು ಆರು ನಿಮಿಷದೊಳಗೆ ಮುಗಿಸಲು ಬೆವರು ಸುರಿಸುತ್ತಿರುತ್ತಾರೆ. ನಾಟಿ ಮುಗಿದ ಮೇಲೆ ಕೆಸರುಗದ್ದೆಯಲ್ಲಿ ನಡೆಯುವ ಓಟವೂ ಗೆಲ್ಲುವುದಕ್ಕಾಗಿ ಓಡುವ ಓಟವೇ. ಇದನ್ನೆಲ್ಲ ನೋಡಿ ಬೆಳೆದವರಿಗೆ ನಿಧಾನವಾಗಿ ಓಡಿದರೆ ಅದು ಓಟವೇ ಅಲ್ಲ ಅನ್ನಿಸುತ್ತದೆ. ಆದರೆ ಮೂವತ್ತೋ ನಲವತ್ತೋ ದಾಟಿದ ಮೇಲೆ ಆರೋಗ್ಯಕ್ಕೆಂದು ಓಟಕ್ಕೆ ಇಳಿಯುವವರಿಗೆ ಬೇಕಾಗಿರುವುದು ಆ ನಿಧಾನದ ಓಟವೇ. ಯಾಕೆ ಅಂತ ಮೈಯೊಳಗೆ ಏನಾಗುತ್ತದೆ ಎಂಬುದನ್ನು ನೋಡಿದರೆ ಗೊತ್ತಾಗುತ್ತದೆ.

ಮೊದಲ ಎರಡು ನಿಮಿಷದ ಕಷ್ಟ

ಓಡಲು ಶುರು ಮಾಡಿದ ಕ್ಷಣವೇ ಕಾಲಿನ ಸ್ನಾಯುಗಳಿಗೆ ಶಕ್ತಿ ಬೇಕು. ಆದರೆ ಶ್ವಾಸಕೋಶ, ಹೃದಯ, ರಕ್ತನಾಳ ಎಲ್ಲ ಸೇರಿ ಅಷ್ಟು ಆಮ್ಲಜನಕವನ್ನು ಕಾಲಿಗೆ ಮುಟ್ಟಿಸುವ ಮಟ್ಟಕ್ಕೆ ಏರಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಅಲ್ಲಿಯವರೆಗೆ ಸ್ನಾಯುಗಳು ಆಮ್ಲಜನಕ ಇಲ್ಲದೆಯೂ ನಡೆಯುವ ಇನ್ನೊಂದು ದಾರಿಯಲ್ಲಿ ಶಕ್ತಿ ಮಾಡಿಕೊಳ್ಳುತ್ತವೆ. ಆ ದಾರಿ ಬೇಗ ಶಕ್ತಿ ಕೊಡುತ್ತದೆ, ಆದರೆ ಜಾಸ್ತಿ ಹೊತ್ತು ಕೊಡುವುದಿಲ್ಲ. ಜತೆಗೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಉಸಿರು ಕಟ್ಟಿದಂತೆ ಆಗುವುದು ಮುಖ್ಯವಾಗಿ ಇದರಿಂದ. ಗಾಳಿ ಸಾಲದೆ ಆಗುತ್ತಿದೆ ಅಂತ ನಮಗೆ ಅನ್ನಿಸಿದರೂ, ಆ ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕಬೇಕು ಅಂತಲೇ ಮೆದುಳು ಉಸಿರನ್ನು ಜೋರು ಮಾಡಿಸುತ್ತಿರುತ್ತದೆ.

ಇದರ ಅರ್ಥ ಇಷ್ಟೇ. ಮೊದಲ ಕೆಲವು ನಿಮಿಷ ಎಲ್ಲರಿಗೂ ಕಷ್ಟ, ವರ್ಷಗಟ್ಟಲೆ ಓಡಿದವರಿಗೂ. ಅವರು ಆ ಹೊತ್ತನ್ನು ನಡೆದು, ಮೆಲ್ಲಗೆ ಓಡಿ ದಾಟಿಸುತ್ತಾರೆ. ಹೊಸಬರು ಗೇಟು ದಾಟಿದ ಕೂಡಲೇ ಓಡುತ್ತಾರೆ, ಅದೂ ಮನೆ ಮುಂದಿನ ಏರಿನಲ್ಲಿ. ಅದಕ್ಕೇ ನನ್ನ ಮೊದಲ ಮಾತು: ಓಡುವ ಮೊದಲು ಕನಿಷ್ಠ ಐದು ನಿಮಿಷ ಬಿರುಸಾಗಿ ನಡೆಯಿರಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಹತ್ತು ನಿಮಿಷ ನಡೆದರೂ ತಪ್ಪಿಲ್ಲ. ಒಂದೇ ಕಡೆ ನಿಂತು ಕಾಲು ಎಳೆದು ಹಿಡಿಯುವ ವ್ಯಾಯಾಮಕ್ಕಿಂತ ಈ ನಡಿಗೆಯೇ ಒಳ್ಳೆಯ ತಯಾರಿ.

ಆಮೇಲೆ ವೇಗ. ಎಷ್ಟು ನಿಧಾನ ಅಂದರೆ ನಿಧಾನ? ವಾಚು ಬೇಡ, ಆ್ಯಪ್ ಬೇಡ. ಪಕ್ಕದಲ್ಲಿ ಒಬ್ಬರು ಇದ್ದಾರೆ ಎಂದುಕೊಂಡು ಒಂದು ಪೂರ್ತಿ ವಾಕ್ಯ ಹೇಳಿ ನೋಡಿ. ನಡುವೆ ಏದುಸಿರು ಬಿಡದೆ ಹೇಳಲು ಆದರೆ ಸರಿಯಾದ ವೇಗದಲ್ಲಿದ್ದೀರಿ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಜಾಸ್ತಿ ಆಯಿತು. ಈ ಮಾತಿನ ಪರೀಕ್ಷೆಯನ್ನು ತರಬೇತುದಾರರೂ ವೈದ್ಯರೂ ಬಳಸುತ್ತಾರೆ. ಮಾತಾಡಲು ಆಗುವ ವೇಗದಲ್ಲಿ ಸ್ನಾಯುಗಳು ಹೆಚ್ಚಿನ ಶಕ್ತಿಯನ್ನು ಆಮ್ಲಜನಕದ ದಾರಿಯಲ್ಲೇ ಮಾಡಿಕೊಳ್ಳುತ್ತಿರುತ್ತವೆ. ಆ ದಾರಿ ಗಂಟೆಗಟ್ಟಲೆ ನಡೆಯಬಲ್ಲದು, ಹೊಸಬರು ಬೆಳೆಸಬೇಕಾದದ್ದೂ ಅದನ್ನೇ. ಮೊದಮೊದಲು ಈ ವೇಗ ಬಿರುಸು ನಡಿಗೆಗಿಂತ ಸ್ವಲ್ಪವೇ ಜಾಸ್ತಿ ಇರುತ್ತದೆ. ನಡೆದುಕೊಂಡು ಬರುವ ಹುಡುಗರು ನಿಮ್ಮನ್ನು ಹಿಂದೆ ಹಾಕಿದರೂ ಹಾಕಲಿ ಬಿಡಿ.

ಮೂಗಿನಲ್ಲೇ ಉಸಿರಾಡಬೇಕು, ಬಾಯಿ ತೆರೆಯಬಾರದು ಎಂದು ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಮೂಗು, ಬಾಯಿ ಎರಡರಲ್ಲೂ ಉಸಿರಾಡಿ.

ಉಸಿರು ಬೇಗ ಪಳಗುತ್ತದೆ, ಮೂಳೆಗೆ ಸಮಯ ಬೇಕು

ಇಲ್ಲಿ ಇಡೀ ವಿಷಯದ ಗಂಟು ಇದೆ. ದೇಹದ ಎಲ್ಲ ಭಾಗವೂ ಒಂದೇ ಹೊತ್ತಿಗೆ ಓಟಕ್ಕೆ ಹೊಂದಿಕೊಳ್ಳುವುದಿಲ್ಲ.

ಮೊದಲು ಬದಲಾಗುವುದು ರಕ್ತ. ಒಂದೆರಡು ವಾರದಲ್ಲೇ ರಕ್ತದ ನೀರಿನ ಭಾಗ ಹೆಚ್ಚುತ್ತದೆ. ಹೃದಯ ಪ್ರತಿ ಬಡಿತಕ್ಕೆ ಜಾಸ್ತಿ ರಕ್ತ ತಳ್ಳುತ್ತದೆ. ಅದೇ ಏರಿನಲ್ಲಿ ಬಡಿತ ಸ್ವಲ್ಪ ಕಮ್ಮಿಯಾಗುತ್ತದೆ. ಮುಂದಿನ ಕೆಲವು ವಾರಗಳಲ್ಲಿ ಸ್ನಾಯುಗಳೊಳಗೆ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಜೀವಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ಮಾಡುವ ಮೈಟೊಕಾಂಡ್ರಿಯಾ ಬೆಳೆಯುತ್ತವೆ. ಆರು ವಾರ ತಪ್ಪದೆ ಓಡಿದವರಿಗೆ ಇದು ಕಣ್ಣಿಗೆ ಕಾಣುತ್ತದೆ. ಮೊದಲು ನಿಂತು ಸುಧಾರಿಸಿಕೊಳ್ಳುತ್ತಿದ್ದ ಜಾಗದಲ್ಲಿ ಈಗ ಮಾತಾಡಿಕೊಂಡು ಹೋಗುತ್ತಾರೆ.

ಅಪಾಯ ಶುರುವಾಗುವುದೂ ಆಗಲೇ. ಉಸಿರು "ಇನ್ನೂ ಓಡು" ಎನ್ನುತ್ತದೆ, ಆದರೆ ಮೂಳೆ ಮತ್ತು ಟೆಂಡನ್ ಇನ್ನೂ ಹಿಂದೆಯೇ ಇವೆ. ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ. ಹಿಮ್ಮಡಿಯ ಮೇಲೆ ಬೆರಳಿಟ್ಟರೆ ಸಿಗುವುದು ಅದೇ. ಇದಕ್ಕೆ ರಕ್ತ ಹರಿಯುವುದು ಕಮ್ಮಿ. ಹಾಗಾಗಿ ಬಲಿಯಲು ತಿಂಗಳುಗಳೇ ಬೇಕು. ಮೂಳೆಯ ಕಥೆ ಇನ್ನೂ ಕುತೂಹಲದ್ದು. ಹೊಸ ಭಾರ ಬಿದ್ದಾಗ ಮೂಳೆ ಸೀದಾ ದಪ್ಪ ಆಗುವುದಿಲ್ಲ. ಗದ್ದೆಯ ಬದು ಗಟ್ಟಿ ಮಾಡುವವರು ಮೊದಲು ಸಡಿಲ ಮಣ್ಣು ಕಡಿದು ತೆಗೆದು, ಆಮೇಲೆ ಹೊಸ ಮಣ್ಣು ಮೆತ್ತುತ್ತಾರಲ್ಲ, ಮೂಳೆಯದ್ದೂ ಅದೇ ಕ್ರಮ. ಒಂದು ಬಗೆಯ ಜೀವಕೋಶಗಳು ಹಳೆಯದನ್ನು ಕೊರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಬಂದು ತುಂಬುತ್ತವೆ. ತೆಗೆಯುವ ಕೆಲಸ ವಾರಗಳಲ್ಲಿ ಮುಗಿಯುತ್ತದೆ, ತುಂಬಿ ಗಟ್ಟಿಯಾಗಲು ಮೂರು ನಾಲ್ಕು ತಿಂಗಳು ಬೇಕು. ಈ ನಡುವಿನ ಅವಧಿಯಲ್ಲಿ ಮೂಳೆ ಮೊದಲಿಗಿಂತ ಸ್ವಲ್ಪ ದುರ್ಬಲವಾಗಿಯೇ ಇರುತ್ತದೆ. ಸೇನೆಗೆ ಹೊಸದಾಗಿ ಸೇರಿದವರಲ್ಲಿ ತರಬೇತಿಯ ಮೊದಲ ಕೆಲವು ವಾರಗಳಲ್ಲೇ ಮೂಳೆಯ ಸಣ್ಣ ಬಿರುಕುಗಳು ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಹುಡುಗರು ಗಟ್ಟಿಮುಟ್ಟಾಗಿರುತ್ತಾರೆ, ಉಸಿರೂ ಇರುತ್ತದೆ. ಮೂಳೆಗೆ ಮಾತ್ರ ಸಮಯ ಸಿಕ್ಕಿರುವುದಿಲ್ಲ.

ಭಾರ ಎಷ್ಟು ಎಂಬುದೂ ಗೊತ್ತಿರಲಿ. ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ಕಾಲಿಗೆ ಬರುವ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು. ಹಿಮ್ಮಡಿಯ ಟೆಂಡನ್ ಮೇಲೆ ಅದಕ್ಕಿಂತಲೂ ಜಾಸ್ತಿ, ಐದಾರು ಪಟ್ಟು. ನಿಧಾನ ಓಟದಲ್ಲಿ ಒಂದು ಕಿಲೋಮೀಟರಿಗೆ ಸಾವಿರಕ್ಕೂ ಜಾಸ್ತಿ ಹೆಜ್ಜೆ ಬೀಳುತ್ತದೆ. ಇದು ಹೆದರುವ ವಿಷಯವೇನಲ್ಲ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಹೊಂದಿಕೊಂಡ ಮೂಳೆ ಮೊದಲಿಗಿಂತ ಗಟ್ಟಿಯಾಗುತ್ತದೆ. ಕೇಳುವುದು ಸಮಯ ಮತ್ತು ನಡುನಡುವೆ ವಿಶ್ರಾಂತಿ. ಅದಕ್ಕೇ ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡಿ. ದಿನವಿಡೀ ತೋಟದಲ್ಲಿ ನಿಂತು, ನಡೆದು ಕೆಲಸ ಮಾಡುವವರು ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಎರಡೇ ದಿನಕ್ಕೆ ಇಳಿಸಿದರೂ ನಷ್ಟವಿಲ್ಲ. ಅವರ ಕಾಲು ಆಗಲೇ ದುಡಿದಿರುತ್ತದೆ.

ಏರು ಮತ್ತು ಇಳಿಜಾರಿನ ಲೆಕ್ಕ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡ 13ರಷ್ಟು ಕಮ್ಮಿ. "ಎತ್ತರದ ಊರು, ಅದಕ್ಕೇ ಉಸಿರು ಹಿಡಿಯುತ್ತದೆ" ಎಂದು ಎಷ್ಟೋ ಜನ ಹೇಳುವುದನ್ನು ಕೇಳಿದ್ದೇನೆ. ಇಲ್ಲೇ ಹುಟ್ಟಿ ಬೆಳೆದವರ ಮೈಗೆ ಇದು ಅಭ್ಯಾಸವಾಗಿರುತ್ತದೆ. ಕರಾವಳಿಯಿಂದ ಬಂದವರಿಗೂ ಸ್ವಲ್ಪ ವ್ಯತ್ಯಾಸ ಅಷ್ಟೇ. ನಿಜವಾಗಿ ಸುಸ್ತು ಮಾಡುವುದು ರಸ್ತೆಯ ಏರು.

ಲೆಕ್ಕ ಹಾಕಿ ನೋಡಿ. 60 ಕಿಲೋ ತೂಕದವರು ಸಮತಟ್ಟಿನಲ್ಲಿ ಒಂದು ಕಿಲೋಮೀಟರ್ ಓಡಿದರೆ ಸುಮಾರು 60 ಕ್ಯಾಲೊರಿ ಖರ್ಚು. ಅದೇ ಮೈಯನ್ನು 100 ಮೀಟರ್ ಎತ್ತರಕ್ಕೆ ಎತ್ತಲು ಬೇಕಾಗುವುದು ಹೆಚ್ಚು ಕಡಿಮೆ ಅಷ್ಟೇ. ಅಂದರೆ ದಾರಿಯಲ್ಲಿ ಒಟ್ಟು 100 ಮೀಟರ್ ಏರಿದ್ದರೆ ನೀವು ಸುಮಾರು ಒಂದು ಕಿಲೋಮೀಟರ್ ಹೆಚ್ಚಿಗೆ ಓಡಿದ ಹಾಗೆ. ಕಿಲೋಮೀಟರಿಗೆ 50 ಮೀಟರ್ ಏರುವ ರಸ್ತೆ ನಮ್ಮಲ್ಲಿ ಏನೂ ವಿಶೇಷವಲ್ಲ. ಅದರಲ್ಲಿ ಸಮತಟ್ಟಿನ ವೇಗವನ್ನೇ ಇಟ್ಟುಕೊಂಡರೆ ಮೈಗೆ ಸುಮಾರು ಒಂದೂವರೆ ಪಟ್ಟು ಕೆಲಸ. ಬೆಂಗಳೂರಿನ ಗೆಳೆಯರು ಪಾರ್ಕಿನಲ್ಲಿ ಸುತ್ತಿ ವಾಟ್ಸಾಪಿನಲ್ಲಿ ಹಾಕುವ ಸಮಯಕ್ಕೆ ನಿಮ್ಮ ಸಮಯವನ್ನು ಹೋಲಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಹಾಗಾದರೆ ಏರಿನಲ್ಲಿ ಏನು ಮಾಡಬೇಕು? ನಡೆಯಬೇಕು. ಕಡಿದಾದ ಏರಿನಲ್ಲಿ ನಿಧಾನ ಓಟಕ್ಕಿಂತ ಬಿರುಸು ನಡಿಗೆಗೆ ಕಮ್ಮಿ ಶಕ್ತಿ ಸಾಕು. ಬೆಟ್ಟದ ಓಟದಲ್ಲಿ ಪಳಗಿದವರೂ ಕಡಿದಾದ ಕಡೆ ನಡೆಯುತ್ತಾರೆ. ಮಾತಾಡಲು ಆಗುತ್ತಿಲ್ಲ ಅನ್ನಿಸಿದ ಕೂಡಲೇ ನಡಿಗೆಗೆ ಇಳಿಯಿರಿ, ಮೇಲೆ ಹತ್ತಿ ಉಸಿರು ತಿಳಿಯಾದ ಮೇಲೆ ಮತ್ತೆ ಓಡಿ. ಇದನ್ನು ಸೋಲು ಅಂದುಕೊಳ್ಳುವವರು ತುಂಬ ಜನ. ಹಾಗೆ ಅಂದುಕೊಂಡು ಓಟ ಬಿಟ್ಟವರನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇಳಿಜಾರು ಇನ್ನೊಂದು ಬಗೆಯ ಪಾಠ. ಉಸಿರಿಗೆ ಸುಲಭ, ಕಾಲಿಗೆ ಕಷ್ಟ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಬ್ರೇಕಿನ ಕೆಲಸ ಮಾಡುತ್ತದೆ. ಬಿಗಿಯಾಗಿ ಹಿಡಿದುಕೊಂಡೇ ಉದ್ದವಾಗುತ್ತಾ ಹೋಗುತ್ತದೆ. ಹೀಗೆ ಎಳೆದಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ಆ ದಿನ ಏನೂ ಗೊತ್ತಾಗುವುದಿಲ್ಲ. ಮಾರನೇ ದಿನ, ಅದರ ಮಾರನೇ ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಳ್ಳಬೇಕಾಗುತ್ತದೆ. ಇದಕ್ಕೆ ಲ್ಯಾಕ್ಟಿಕ್ ಆಸಿಡ್ ಕಾರಣ ಎಂದು ಹೇಳುತ್ತಾರೆ, ಅದು ಸರಿಯಲ್ಲ. ಓಟ ನಿಂತ ಒಂದೆರಡು ಗಂಟೆಯೊಳಗೆ ರಕ್ತದಲ್ಲಿ ಅದರ ಪ್ರಮಾಣ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ, ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ಹಾಗಾಗಿ ಇಳಿಜಾರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿಕೊಳ್ಳಿ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಕಾಲು ಮೈಗಿಂತ ತುಂಬ ಮುಂದೆ ಚಾಚುವುದು ಬೇಡ.

ಮೊದಲ ತಿಂಗಳು ಸಾಧ್ಯವಾದರೆ ಸಮತಟ್ಟು ಜಾಗ ಹುಡುಕಿ. ಕುಶಾಲನಗರದವರಿಗೆ ಇದು ಸುಲಭ. ಪೊನ್ನಂಪೇಟೆ, ಗೋಣಿಕೊಪ್ಪ ಕಡೆ ಗದ್ದೆ ಬಯಲಿನ ಪಕ್ಕದ ರಸ್ತೆಗಳಿವೆ. ಮಡಿಕೇರಿಯಲ್ಲಿ ಮೈದಾನವೇ ಗತಿ. ಹಳ್ಳಿಯಲ್ಲಿದ್ದರೆ ಶಾಲೆ ಮೈದಾನ ಕೇಳಿ ನೋಡಿ. ಸುತ್ತು ಹೊಡೆಯುವುದು ಬೇಜಾರು ನಿಜ, ಆದರೆ ನಿಮ್ಮ ಉಸಿರಿನ ಹದ ಗೊತ್ತಾಗುವುದು ಅಲ್ಲೇ.

ಶುರು ಮಾಡುವ ಬಗೆ

ಓಟ-ನಡಿಗೆ ಬೆರೆಸುವ ಕ್ರಮವನ್ನು ಜನಪ್ರಿಯ ಮಾಡಿದವರಲ್ಲಿ ಅಮೆರಿಕದ ಜೆಫ್ ಗ್ಯಾಲೋವೇ ಮುಖ್ಯರು. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು ಅವರು. ಅಷ್ಟು ದೊಡ್ಡ ಓಟಗಾರರೇ ಹೊಸಬರಿಗೆ "ನಡುವೆ ನಡೆಯಿರಿ" ಎಂದು ಹೇಳಿಕೊಟ್ಟರು. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬವರು ರೂಪಿಸಿದ 'ಕೌಚ್ ಟು 5ಕೆ' ಎಂಬ ಒಂಬತ್ತು ವಾರದ ಯೋಜನೆಯೂ ಇದೇ ದಾರಿಯದ್ದು. ಮೊಬೈಲಿನಲ್ಲಿ ಸಿಗುತ್ತದೆ, ಚೆನ್ನಾಗಿಯೂ ಇದೆ. ಆದರೆ ನಮ್ಮ ರಸ್ತೆಗಳಿಗೆ ಒಂಬತ್ತು ವಾರ ಅವಸರವಾಯಿತು ಎಂಬುದು ನನ್ನ ಅಭಿಪ್ರಾಯ. ಹನ್ನೆರಡರಿಂದ ಹದಿನಾಲ್ಕು ವಾರ ಇಟ್ಟುಕೊಳ್ಳಿ.

ಮೊದಲ ಎರಡು ವಾರ ಹೀಗೆ: ಐದು ನಿಮಿಷ ನಡಿಗೆ, ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಆರರಿಂದ ಎಂಟು ಸಲ. ಕೊನೆಗೆ ಐದು ನಿಮಿಷ ನಡಿಗೆ. ಇಷ್ಟೇನಾ ಅನ್ನಿಸಬೇಕು. ಹಾಗೆ ಅನ್ನಿಸಿದರೆ ಸರಿಯಾಗಿದೆ ಅಂತ ಅರ್ಥ. ಮೂರನೇ ವಾರದಿಂದ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಅದು ಹಗುರವಾದ ಮೇಲೆ ಮೂರಕ್ಕೆ ಒಂದೂವರೆ, ಆಮೇಲೆ ಐದಕ್ಕೆ ಎರಡು, ಹೀಗೆ ಮುಂದೆ. ಒಂದು ಮೆಟ್ಟಿಲು ಕಷ್ಟವಾದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಿ. ನಡಿಗೆ ಇಲ್ಲದೆ ಇಪ್ಪತ್ತೈದು, ಮೂವತ್ತು ನಿಮಿಷ ಮೆಲ್ಲಗೆ ಓಡಲು ಆಗುವವರೆಗೆ ವೇಗದ ಯೋಚನೆ ಬೇಡ. ದೂರದ ಲೆಕ್ಕವೂ ಬೇಡ, ನಿಮಿಷದ ಲೆಕ್ಕ ಸಾಕು. ಏರು ಇರುವ ಊರಿನಲ್ಲಿ ಇದೇ ನ್ಯಾಯದ ಅಳತೆ.

ಓಟ ಇಲ್ಲದ ದಿನಗಳಲ್ಲಿ ಎರಡು ಸಣ್ಣ ಕೆಲಸ ಮಾಡಿದರೆ ತುಂಬ ಲಾಭ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು, ಗೋಡೆ ಹಿಡಿದು, ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸುವುದು ಒಂದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಇನ್ನೊಂದು. ಮೊದಲನೆಯದು ಹಿಮ್ಮಡಿಯ ಟೆಂಡನ್ನಿಗೆ, ಎರಡನೆಯದು ಇಳಿಜಾರಿನಲ್ಲಿ ಬ್ರೇಕ್ ಹಾಕುವ ತೊಡೆಗೆ.

ಖರ್ಚು ಮಾಡಬೇಕಾದ್ದು ಶೂಗೆ ಮಾತ್ರ. ದುಬಾರಿಯದೇ ಆಗಬೇಕಿಲ್ಲ, ಓಟಕ್ಕೆಂದೇ ಮಾಡಿದ್ದಿರಲಿ. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಮುಂದೆ ಹೆಬ್ಬೆರಳಗಲ ಜಾಗ ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಶೂಗೆ ಬಡಿದು ಕಪ್ಪಾಗುತ್ತದೆ. ಹೆಂಗಸರಿಗೆ ಒಳ್ಳೆಯ ಸ್ಪೋರ್ಟ್ಸ್ ಬ್ರಾ ಶೂನಷ್ಟೇ ಮುಖ್ಯ. ಎಷ್ಟೋ ಜನ ಇದೊಂದು ಇಲ್ಲದ್ದರಿಂದಲೇ ಓಟ ಬಿಡುತ್ತಾರೆ.

ನೋವು ಬಂದರೆ ಹೇಗೆ ಗುರುತಿಸುವುದು? ಎರಡೂ ಕಾಲಿನಲ್ಲಿ, ಅಗಲವಾಗಿ ಹರಡಿದ, ನಡೆದಂತೆ ಸಡಿಲವಾಗುವ ನೋವು ಸಾಮಾನ್ಯ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ, ಓಡಿದಷ್ಟೂ ಹೆಚ್ಚಾಗುವ ನೋವು ಬೇರೆ. ಅದು ಕುಂಟಿಸಿದರೆ, ರಾತ್ರಿಯೂ ನೋಯಿಸಿದರೆ ಓಟ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಮಂಡಿಯ ಕೆಳಗೆ ಮುಂದಿರುವ ಉದ್ದ ಮೂಳೆಯಲ್ಲಿ ಹೀಗಾದರೆ ನೋವಿನ ಎಣ್ಣೆ ಹಚ್ಚಿ ಮುಂದುವರಿಸಲೇಬೇಡಿ.

ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು, ನಲವತ್ತು ದಾಟಿ ವರ್ಷಗಳಿಂದ ಮೈ ದಣಿಸದವರು ಶುರು ಮಾಡುವ ಮೊದಲೇ ವೈದ್ಯರನ್ನು ಕೇಳಿ. ಓಡುವಾಗ ಎದೆ ಬಿಗಿದರೆ, ತಲೆ ತಿರುಗಿದರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಚಳಿಯಲ್ಲಿ ಓಡಿದ ಮೇಲೆ ಕೆಮ್ಮು, ಎದೆಯಲ್ಲಿ ಸುಯ್ ಎಂಬ ಸದ್ದು ಬರುವವರಿಗೆ ಆಸ್ತಮಾ ಇರಬಹುದು. ಅದಕ್ಕೆ ಒಳ್ಳೆಯ ಔಷಧಿ ಇದೆ, ಓಟ ಬಿಡಬೇಕಾಗಿಲ್ಲ. ಆರೇಳು ವಾರವಾದರೂ ಏದುಸಿರು ಸ್ವಲ್ಪವೂ ಕಮ್ಮಿಯಾಗದಿದ್ದರೆ ಹಿಮೋಗ್ಲೋಬಿನ್ ನೋಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇದೆ. ಆಮ್ಲಜನಕ ಹೊರುವುದೇ ಹಿಮೋಗ್ಲೋಬಿನ್. ಅದು ಕಮ್ಮಿ ಇದ್ದರೆ ಎಷ್ಟು ಛಲ ಇದ್ದರೂ ಉಸಿರು ಸಾಲುವುದಿಲ್ಲ.

ತೂಕ ಇಳಿಸಲೆಂದು ಓಡುವವರಿಗೆ ಒಂದು ಮಾತು. ಮೂರು ಕಿಲೋಮೀಟರ್ ಓಡಿದರೆ ಖರ್ಚಾಗುವುದು ಒಂದೆರಡು ಅಕ್ಕಿರೊಟ್ಟಿಯಷ್ಟು. ಊಟ ಬದಲಾಗದೆ ತೂಕ ಅಷ್ಟು ಇಳಿಯುವುದಿಲ್ಲ. ನಿದ್ದೆ, ಬಿಪಿ, ಸಕ್ಕರೆ, ಮನಸ್ಸಿನ ನಿರಾಳ ಇವುಗಳಲ್ಲಿ ಬದಲಾವಣೆ ಬೇಗ ಕಾಣುತ್ತದೆ. ಅರ್ಧ ಗಂಟೆಯ ಓಟಕ್ಕೆ ಬಣ್ಣದ ಪಾನೀಯ, ಪುಡಿ ಯಾವುದೂ ಬೇಡ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಒಂದು ಗಂಟೆಗೂ ಜಾಸ್ತಿ ಸಾಕಾಗುತ್ತದೆ.

ಮಳೆ, ಮಂಜು, ಆನೆ

ದಕ್ಷಿಣ ಕೊಡಗಿನವರು ಆನೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ, ತಿತಿಮತಿ ಕಡೆ ಕಾಡಾನೆಗಳು ತೋಟದೊಳಗೇ ಇರುತ್ತವೆ. ಮುಂಜಾನೆ ಕೆಲಸಕ್ಕೆ ಹೊರಟವರು ಆನೆ ದಾಳಿಗೆ ಜೀವ ಕಳೆದುಕೊಂಡಿದ್ದಾರೆ. ನಗರದವರು ಹೇಳುವ "ಐದು ಗಂಟೆಗೆ ಎದ್ದು ಓಡಿ" ಎಂಬ ಸಲಹೆ ಇಲ್ಲಿಗೆ ಹೊಂದುವುದಿಲ್ಲ. ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಡಿ. ರಾತ್ರಿ ಆನೆ ಎಲ್ಲಿತ್ತು ಎಂದು ತೋಟದ ಕಾರ್ಮಿಕರಿರುವ ಲೈನ್‌ಮನೆಯವರನ್ನೋ ಲೆಕ್ಕ ಬರೆಯುವ ರೈಟರನ್ನೋ ಕೇಳಿ. ಹಲಸು ಹಣ್ಣಾಗುವ ತಿಂಗಳುಗಳಲ್ಲಿ ಇನ್ನೂ ಎಚ್ಚರ ಇರಲಿ. ಕಿವಿಗೆ ಇಯರ್‌ಫೋನ್ ಬೇಡ. ಒಬ್ಬರೇ ಬೇಡ. ಅನುಮಾನ ಇದ್ದ ದಿನ ಅಂಗಳದಲ್ಲೋ ಕಾಫಿ ಕಣದಲ್ಲೋ ಸುತ್ತು ಹೊಡೆದರೂ ಆಯಿತು.

ಮಂಜಿನ ದಿನ ವಾಹನದವರಿಗೆ ನೀವು ಕಾಣುವುದೇ ಇಲ್ಲ ಎಂದುಕೊಂಡು ಓಡಿ. ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ಗಾಡಿ ಕಾಣುವಂತೆ ಹೋಗಿ. ಕಪ್ಪು, ಬೂದು ಬಟ್ಟೆ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಕಟ್ಟಿದ ಕಾಂಕ್ರೀಟ್ ರಸ್ತೆ ಕೆಸರಿಗಿಂತ ಅಪಾಯ. ಅಲ್ಲಿ ನಡೆಯಿರಿ. ಜಿಗಣೆಗೆ ಉದ್ದ ಸಾಕ್ಸ್ ಹಾಕಿ. ಒದ್ದೆ ಶೂ ಒಳಗಿನ ಅಟ್ಟೆ ತೆಗೆದು, ಹಳೆ ಪೇಪರ್ ತುರುಕಿಡಿ, ಒಂದೆರಡು ಸಲ ಪೇಪರ್ ಬದಲಿಸಿ. ಒಲೆಗೆ ತೀರಾ ಹತ್ತಿರ ಇಟ್ಟರೆ ಅಂಟು ಬಿಟ್ಟುಕೊಳ್ಳುತ್ತದೆ.

ಎಷ್ಟೇ ಮನಸ್ಸಿದ್ದರೂ ಜುಲೈನಲ್ಲಿ ಒಂದೆರಡು ವಾರ ಓಟ ತಪ್ಪುವುದು ಇಲ್ಲಿ ಮಾಮೂಲಿ. ಒಂದು ವಾರ ತಪ್ಪಿದರೆ ಏನೂ ಆಗುವುದಿಲ್ಲ, ಬಿಟ್ಟಲ್ಲಿಂದಲೇ ಶುರು ಮಾಡಿ. ಎರಡು ಮೂರು ವಾರ ತಪ್ಪಿದರೆ ಮೊದಲು ಇಳಿಯುವುದು ರಕ್ತದ ಆ ನೀರಿನ ಭಾಗ, ಹಾಗಾಗಿ ಮೊದಲ ದಿನ ಉಸಿರು ಜಾಸ್ತಿ ಹಿಡಿಯುತ್ತದೆ. ಗಾಬರಿ ಬೇಡ, ಅದು ಬೇಗ ವಾಪಸ್ ಬರುತ್ತದೆ. ಎರಡು ವಾರ ಹಿಂದಿನ ಮೆಟ್ಟಿಲಿಗೆ ಹೋಗಿ ಅಲ್ಲಿಂದ ಹತ್ತಿ. ತಿಂಗಳಿಗಿಂತ ಜಾಸ್ತಿ ಬಿಟ್ಟಿದ್ದರೆ ಮತ್ತೆ ಒಂದು ನಿಮಿಷದ ಓಟದಿಂದಲೇ ಶುರು ಮಾಡಿ, ಈ ಸಲ ಮೊದಲಿಗಿಂತ ಬೇಗ ಮೇಲೆ ಬರುತ್ತೀರಿ.